ಕೆಳದನಿ

ಭಾನುವಾರ ಮೂರಕ್ಕೆ ಮಾವಿಸ್ ಪರದೆ ಎಳೆಯುತ್ತಾಳೆ.
ನವೆಂಬರಿನ ಗ್ರಿಮ್ಸ್‌ಬಿಯಲ್ಲಿ ಮೂರೆಂದರೆ ಹೇಗೂ ಅರ್ಧ ಸಂಜೆ;
ಆದರೂ ಎಳೆಯಬೇಕು, ಎರಡೂ ಕಡೆಯಿಂದ, ನಡುವಿಗೆ.
ನಾಟಕದವಳು ತಾನೆ.
ಕೆಳಗಿನ ಮನೆಯಿಂದ ನಾನು ಬರುತ್ತೇನೆ
ಬಟ್ಟಲಲ್ಲಿ ಹುರಿದ ಶೇಂಗಾ ಹಿಡಿದು,
ವಾರವಿಡೀ ಊರವರ ಹಲ್ಲುಸೆಟ್ಟು ಮಾಡಿದ ಕೈಗೆ
ಇನ್ನೂ ಮೇಣದ ವಾಸನೆ.

ಬೀರುವಿನಲ್ಲಿ ಹನ್ನೊಂದು ಡಿಸ್ಕು.
ಹನ್ನೊಂದೂ ಒಂದು ಕಾಲಕ್ಕೆ ಹಲಗೆಯ ಮೇಲೆ ಕುಣಿದವು,
ಆಮೇಲೆ ಸಿನಿಮಾ ಆದವು.
"ಆಮೇಲೆ ಕೆಟ್ಟವು" ಅನ್ನುತ್ತಾಳೆ ಮಾವಿಸ್,
ಅಂದು, ವಾರಕ್ಕೊಂದು ಹಾಕುತ್ತಾಳೆ.

ತಕರಾರು ಮೊದಲ ಬೀದಿಯಿಂದಲೇ ಶುರು.
ನಿಜವಾದ ಕಲ್ಲು, ನಿಜವಾದ ಕುದುರೆ;
ಕುದುರೆ ನಿಜವಾಗಿ ಲದ್ದಿ ಹಾಕುವ ಬೀದಿಯಲ್ಲಿ
ಯಾರಿಗೆ ಬರುತ್ತದೆ ಹಾಡು?
ನಮ್ಮ ಕುದುರೆಯೊಳಗೆ ಇಬ್ಬರು ಹುಡುಗರಿದ್ದರು,
ಹಿಂಗಾಲಿನವನಿಗೆ ನನ್ನ ಮೇಲೆ ಮನಸ್ಸಿತ್ತು.

ಇನ್ನು ನಾಯಕಿ: ತುಟಿ ಅವಳದು, ಗಂಟಲು ಬೇರೊಬ್ಬಳದು.
"ಮೋಸ!" ಚಹಾ ತುಳುಕಿತು.
ನಮ್ಮ ಕಡೆ ಎಲ್ಲ ಹೀಗೇ, ಅಂದೆ,
ಒಂದು ಗಂಟಲಿಗೆ ನಲವತ್ತು ಮುಖ,
ಯಾರೂ ಕೋರ್ಟಿಗೆ ಹೋಗಲಿಲ್ಲ.
ಅವಳು ನೋಡಿದ ನೋಟ
ಶೇಂಗಾದಲ್ಲಿ ಕಲ್ಲು ಸಿಕ್ಕವರದು.

ಹಾಡು ಮುಗಿದರೆ ಸಿನಿಮಾ ನಿಲ್ಲುವುದಿಲ್ಲ.
ಎತ್ತಿದ ಕೈ ಗಾಳಿಯಲ್ಲಿರುವಾಗಲೇ ಬೇರೆ ಕೋಣೆ, ಬೇರೆ ಬೆಳಕು.
ಮಾವಿಸ್ ಮಾತ್ರ ಚಪ್ಪಾಳೆ ತಟ್ಟಿಯೇ ತಟ್ಟುತ್ತಾಳೆ;
ನಾಯಕನಿಗೊಬ್ಬಳು ತಂಗಿ ಇದ್ದಾಳೆಂದು
ನನಗೆ ಗೊತ್ತಾದದ್ದು ಮೂರನೆಯ ಸಲ ನೋಡಿದಾಗ.

ನಲವತ್ತೊಂದನೆಯ ನಿಮಿಷಕ್ಕೆ ಅವಳು ರಿಮೋಟು ಎತ್ತಿದರೆ
ನಾನು ಬಟ್ಟಲು ಕೆಳಗಿಡಬೇಕು.
ಇಲ್ಲಿ ಬಟ್ಟೆ ಒಗೆಯುವ ಹೆಂಗಸರ ಹಾಡೊಂದಿತ್ತು.
ಕತೆಯನ್ನು ಮುಂದಕ್ಕೆ ಒಯ್ಯುವುದಿಲ್ಲ ಅಂತ ಕತ್ತರಿಸಿದರಂತೆ.
ಮಾವಿಸ್ ಎಡದಿಂದ ನಾಲ್ಕನೆಯವಳು:
ಎರಡು ವರ್ಷ, ಹತ್ತೊಂಬತ್ತು ಊರು,
ವಾರಕ್ಕೆ ಎಂಟು ಸಲ
ಅದೇ ಒಣ ಬೆಡ್‌ಶೀಟು ಹಿಂಡಿದವಳು.

ನಾಯಕಿ ಬಾಯಿ ತೆರೆದು ಗಾಜಿನೊಳಗೆ ನಿಂತಿದ್ದಾಳೆ.
ಹೀಟರಿಗೂ ಚಹಾದ ಗಾಡಿಗೂ ನಡುವೆ ಒಂದು ಗಜ ಜಾಗ,
ಹೊಸ ಸೊಂಟದ ಮೇಲೆ ಭಾರ ಬಿಡದೆ
ಮಾವಿಸ್ ಹಾಡುತ್ತಾಳೆ.

ಹಾಡು ಅನ್ನಲಾರೆ ಅದನ್ನು.
ಮೂರು ಸ್ವರದ ಗೂಟಕ್ಕೆ ಕಟ್ಟಿದ ಆಡಿನ ಹಾಗೆ ಸುತ್ತುತ್ತದೆ,
ನಡುವೆ ಇದ್ದಕ್ಕಿದ್ದಂತೆ ಮೌನ, ತುಟಿಯಲ್ಲಿ ಎಣಿಕೆ
ಐದು ಆರು ಏಳು
ಮತ್ತೆ ಅದೇ ಮೂರು.
ಎಷ್ಟೋ ವಾರದ ಮೇಲೆ ತಿಳಿಯಿತು:
ಅವಳದು ಕೆಳದನಿ. ರಾಗ ಇದ್ದದ್ದು ಪಕ್ಕದ ಬೆರಿಲ್ ಬಾಯಲ್ಲಿ.
"ಅದನ್ನು ನಾನೇಕೆ ಕಲಿಯಲಿ? ಅದು ಅವಳದಲ್ಲವೆ?"
ಬೆರಿಲ್ ಈಗ ಎಲ್ಲಿ?
ಮಾವಿಸ್ ಶೇಂಗಾ ಸಿಪ್ಪೆ ಊದುತ್ತಾಳೆ.

ನನ್ನಜ್ಜ ಗದಗಿನ ಕಡೆಯ ಕಂಪನಿಯಲ್ಲಿ ಕಾಲುಪೆಟ್ಟಿಗೆ ತುಳಿದವ.
ಒನ್ಸ್ ಮೋರ್ ಬಿದ್ದರೆ ರಂಗದ ಮೇಲೆ ಸತ್ತವನೂ
ಎದ್ದು, ಇನ್ನೊಮ್ಮೆ ಹಾಡಿ, ಸಾಯುತ್ತಿದ್ದನಂತೆ.
ಹಾಗಾಗಿ ಕೂಗುತ್ತೇನೆ, ಪಕ್ಕದವರು ಗೋಡೆ ಕುಟ್ಟುವಷ್ಟು:
ಒನ್ಸ್ ಮೋರ್!
ಮೊದಲ ಸಲ ಬೈದಳು. ಈಗ ಕಾಯುತ್ತಾಳೆ.

ಎರಡನೆಯ ಸರದಿಯಲ್ಲಿ ನನಗೆ ರಾಗ ಕೇಳಿದಂತಾಗುತ್ತದೆ.
ಅಲ್ಲ, ರಾಗವಲ್ಲ, ಅದು ಇದ್ದ ಜಾಗದ ಅಂಚು.
ನನ್ನ ಮೇಜಿಗೆ ಬರುವ ಅಚ್ಚುಗಳ ಹಾಗೆ:
ಯಾರದೋ ಒಸಡು, ಅದರಲ್ಲೊಂದು ತಗ್ಗು,
ಹಲ್ಲಿತ್ತು ಅನ್ನುತ್ತದೆ,
ಎಂಥ ಹಲ್ಲು, ಹೇಳುವುದಿಲ್ಲ.

ಕೂತಳು. ಸುಧಾರಿಸಿಕೊಂಡಳು.
ಹೆಚ್ಚು ಹೊತ್ತು ತಡೆದದ್ದಕ್ಕೆ ಟೀವಿ ನೀಲಿಯಾಗಿದೆ,
ಎಲ್ಲಿದ್ದೆವೆಂದು ಅದಕ್ಕೂ ಮರೆತಿದೆ.
ಮೊದಲಿನಿಂದ ಹಾಕಿದೆವು. ಬೀದಿ ಬಂತು, ಕಲ್ಲು ಬಂತು,
ಕುದುರೆ ಬಂತು.
ಹಿಂಗಾಲಿನವನ ಹೆಸರೇನು, ಮಾವಿಸ್?